ಸೂಜಿಯ ಮರುದಿನದ ತಲೆನೋವು: ಎಂಟನೆಯ ತರಗತಿಗೆ ಎರಡು ಸಲ ಮಾಡಿದ ಒಂದು ಪಾಠ

ಬೋಧನಾಭ್ಯಾಸದ ಎರಡನೆಯ ವಾರ ನನಗೆ ಹಂಚಿಕೆಯಾದದ್ದು ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಘಟಕದಲ್ಲಿ ಲಸಿಕೆಯ ಭಾಗ. ಪಠ್ಯಪುಸ್ತಕದಲ್ಲಿ ಅದು ಚಿಕ್ಕದು. ಸತ್ತ ಅಥವಾ ದುರ್ಬಲಗೊಳಿಸಿದ ಸೂಕ್ಷ್ಮಜೀವಿಗಳನ್ನು ದೇಹಕ್ಕೆ ಸೇರಿಸಿದಾಗ ಪ್ರತಿಕಾಯಗಳು ಉತ್ಪತ್ತಿಯಾಗುತ್ತವೆ, ಅವು ದೇಹದಲ್ಲಿ ಉಳಿದು ರಕ್ಷಿಸುತ್ತವೆ, ಸಿಡುಬಿನ ಲಸಿಕೆ ಎಡ್ವರ್ಡ್ ಜೆನ್ನರ್ ಅವರದು. ನಲವತ್ತು ನಿಮಿಷಕ್ಕೆ ಸಾಕಾದಷ್ಟೂ ಇಲ್ಲವಲ್ಲ ಎಂದುಕೊಂಡು ಚಾರ್ಟು, ಮಿಂಚುಪಟ್ಟಿ ಎಲ್ಲ ಸಿದ್ಧಪಡಿಸಿಕೊಂಡು ಹೋಗಿದ್ದೆ. ಶಾಲೆ ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಂದು ಹಳ್ಳಿಯದು. ಆ ದಿನ ಮೂವತ್ತೊಂದು ಮಕ್ಕಳು ಹಾಜರಿದ್ದರು.

ಪಾಠ ಮುಗಿಯಲು ಹತ್ತು ನಿಮಿಷವಿರುವಾಗ 'ಯಾರಿಗಾದರೂ ಸಂದೇಹ ಇದೆಯೇ' ಎಂದು ಕೇಳಿದೆ. ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ನಮ್ಮಮ್ಮನಿಗೆ ಮಂಗನ ಕಾಯಿಲೆ ಸೂಜಿ ಹಾಕಿಸಿದ ರಾತ್ರಿ ತಲೆ ಸಿಡಿಯೋ ಹಂಗೆ ನೋವು ಬಂತು. ಸೂಜಿಯಿಂದ್ಲೇ ಕಾಯಿಲೆ ಬರುತ್ತಾ?" ನಾನು ತಡಮಾಡದೆ "ಇಲ್ಲ, ಲಸಿಕೆಯಿಂದ ಏನೂ ಆಗುವುದಿಲ್ಲ. ಅದು ಹೆದರಿಕೆಯಿಂದ ಬಂದ ತಲೆನೋವು" ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ನಾನೂ ಸ್ವಲ್ಪ ನಕ್ಕೆ. ಹುಡುಗ ಕುಳಿತುಕೊಂಡ. ಗಂಟೆ ಹೊಡೆಯಿತು.

ಪಾಠ ವೀಕ್ಷಿಸಿದ ನಮ್ಮ ಉಪನ್ಯಾಸಕರು ಕಪ್ಪುಹಲಗೆಯ ಬಳಕೆಗೂ ಪೀಠಿಕೆಗೂ ಒಳ್ಳೆಯ ಅಂಕ ಕೊಟ್ಟು, ಟಿಪ್ಪಣಿಯ ಕಾಲಂನಲ್ಲಿ ಒಂದೇ ಸಾಲು ಬರೆದಿದ್ದರು: ಕೊನೆಯ ಪ್ರಶ್ನೆಗೆ ಕೊಟ್ಟ ಉತ್ತರ ವಿಷಯದ ದೃಷ್ಟಿಯಿಂದ ತಪ್ಪು, ಪರಿಶೀಲಿಸಿ. ಶಾಲೆಯ ವಿಜ್ಞಾನ ಶಿಕ್ಷಕರು ಚಹಾ ಕುಡಿಯುವಾಗ ಇನ್ನೊಂದು ಸಂಗತಿ ಹೇಳಿದರು. ಆ ಹುಡುಗನ ತಾಯಿ ಮೊದಲ ಸೂಜಿಯ ನಂತರ ಎರಡನೆಯದನ್ನು ಹಾಕಿಸಿಕೊಳ್ಳಲಿಲ್ಲ. ಅದೇ ಬೇಸಿಗೆ, 2019ರಲ್ಲಿ, ಅವನ ಸೋದರಮಾವ ಮಂಗನ ಕಾಯಿಲೆಯಿಂದ ತೀರಿಕೊಂಡರು. ಅವರು ಲಸಿಕೆಯನ್ನೇ ಪಡೆದಿರಲಿಲ್ಲ. ತಂಗಿಯ ತಲೆನೋವು ನೋಡಿ ಹಿಂಜರಿದರೋ, ಬೇರೆ ಕಾರಣವೋ, ಮನೆಯಲ್ಲಿ ಯಾರೂ ಅದನ್ನು ಮಾತಾಡುವುದಿಲ್ಲವಂತೆ. ಅಂಥ ಮನೆಯ ಹುಡುಗ ತರಗತಿಯಲ್ಲಿ ಎದ್ದು ಕೇಳಿದ ಪ್ರಶ್ನೆಗೆ ನಾನು ನಕ್ಕಿದ್ದೆ.

ಅದೇ ಪಾಠವನ್ನು ಮರುವಾರ ಮತ್ತೊಮ್ಮೆ ಮಾಡಲು ಅನುಮತಿ ಕೇಳಿದೆ. ನಡುವೆ ಸಿಕ್ಕ ಆರು ದಿನಗಳಲ್ಲಿ ನಾನು ಓದಿ ತಿಳಿದದ್ದನ್ನು ಇಲ್ಲಿ ಮೊದಲು ಬರೆಯುತ್ತೇನೆ. ಈ ಘಟಕವನ್ನು ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಪಠ್ಯಪುಸ್ತಕದ ಆಚೆ ಇಷ್ಟಾದರೂ ಕೈಯಲ್ಲಿರಬೇಕು ಎಂದು ಈಗ ನನಗೆ ಅನಿಸುತ್ತದೆ.

ವಿಷಯ ಸಾಮಗ್ರಿ

ತಲೆನೋವಿನಲ್ಲಿ ನೋಯುವುದು ಮಿದುಳಲ್ಲ. ಮಿದುಳಿನ ಅಂಗಾಂಶದಲ್ಲಿ ನೋವನ್ನು ಗ್ರಹಿಸುವ ನರತುದಿಗಳಿಲ್ಲ. ರೋಗಿ ಎಚ್ಚರವಾಗಿದ್ದು ಮಾತಾಡುತ್ತಿರುವಾಗಲೇ ಮಿದುಳಿನ ಕೆಲವು ಶಸ್ತ್ರಚಿಕಿತ್ಸೆಗಳನ್ನು ಮಾಡಲು ಸಾಧ್ಯವಾಗಿರುವುದು ಇದರಿಂದಲೇ. ನೋಯುವುದು ಮಿದುಳನ್ನು ಹೊದ್ದಿರುವ ಪೊರೆಗಳು, ಅಲ್ಲಿನ ರಕ್ತನಾಳಗಳು, ತಲೆ ಮತ್ತು ಕುತ್ತಿಗೆಯ ಸ್ನಾಯುಗಳು. ಹಣೆ, ಕಣ್ಣು, ಮುಖದ ಸಂವೇದನೆಯನ್ನು ಒಯ್ಯುವ ತ್ರಿಶಾಖಾ ನರವೇ ಮಿದುಳುಪೊರೆಯ ಬಹುಭಾಗದ ನೋವನ್ನೂ ಒಯ್ಯುತ್ತದೆ. ಹಾಗಾಗಿ ಒಳಗಿನ ತೊಂದರೆ ನಮಗೆ ಹಣೆಯಲ್ಲೋ ಕಣ್ಣಿನ ಹಿಂದೆಯೋ ನೋವಾಗಿ ತಿಳಿಯುತ್ತದೆ.

ವೈರಸ್ ದೇಹವನ್ನು ಹೊಕ್ಕಾಗ ಸೋಂಕಿತ ಜೀವಕೋಶಗಳೂ ರಕ್ಷಣಾ ಕೋಶಗಳೂ ಇಂಟರ್‌ಫೆರಾನ್, ಇಂಟರ್‌ಲ್ಯೂಕಿನ್ ಮುಂತಾದ ಸಂದೇಶ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಇವುಗಳ ಪ್ರಭಾವದಿಂದ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ವಸ್ತು ತಯಾರಾಗುತ್ತದೆ. ಅದು ಹೈಪೊಥಲಾಮಸ್‌ನಲ್ಲಿ ದೇಹದ ಉಷ್ಣತೆಯ ಮಟ್ಟವನ್ನು ಏರಿಸುತ್ತದೆ, ನೋವಿನ ನರಗಳನ್ನು ಸಣ್ಣದಕ್ಕೂ ಸಿಡಿಮಿಡಿಗೊಳ್ಳುವಂತೆ ಮಾಡುತ್ತದೆ. ಜ್ವರ, ಮೈಕೈ ನೋವು, ತಲೆನೋವು ಒಟ್ಟಿಗೇ ಬರುವುದು ಈ ಕಾರಣಕ್ಕೆ. ಪ್ಯಾರಸಿಟಮಾಲ್ ಈ ಮೂರನ್ನೂ ಒಟ್ಟಿಗೇ ತಗ್ಗಿಸುವುದು ಕೂಡ ಪ್ರೊಸ್ಟಾಗ್ಲ್ಯಾಂಡಿನ್ ತಯಾರಿಕೆಯನ್ನು ಕಡಿಮೆ ಮಾಡುವುದರಿಂದಲೇ.

ಇದಕ್ಕೆ ನನಗೆ ಸಿಕ್ಕ ಅತ್ಯಂತ ಸ್ಪಷ್ಟ ಪುರಾವೆ ಹೆಪಟೈಟಿಸ್ ಸಿ ಚಿಕಿತ್ಸೆಯದು. ಹಿಂದೆ ಆ ರೋಗಕ್ಕೆ ಇಂಟರ್‌ಫೆರಾನ್ ಅನ್ನೇ ಔಷಧವಾಗಿ ಚುಚ್ಚುತ್ತಿದ್ದರು. ಚುಚ್ಚಿದ ಕೆಲವೇ ಗಂಟೆಗಳಲ್ಲಿ ಬಹಳ ಮಂದಿಗೆ ಫ್ಲೂ ಬಂದಂತೆ ಚಳಿ, ಜ್ವರ, ತಲೆನೋವು. ಅಲ್ಲಿ ಫ್ಲೂ ವೈರಸ್ ಇರಲೇ ಇಲ್ಲ. ಆ ತಲೆನೋವನ್ನು ಉಂಟುಮಾಡಿದ್ದು ದೇಹದ್ದೇ ಸಂದೇಶವಸ್ತು. ಲಸಿಕೆಯ ನಂತರದ ತಲೆನೋವೂ ಹೀಗೆಯೇ. ಮಂಗನ ಕಾಯಿಲೆಯ ಲಸಿಕೆ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್‌ನದು. ಅದು ದೇಹದಲ್ಲಿ ಬೆಳೆಯಲಾರದು, ರೋಗ ತರಲಾರದು. ರಕ್ಷಣಾ ಕೋಶಗಳನ್ನು ಎಬ್ಬಿಸಬಲ್ಲದು, ಎಬ್ಬಿಸಿದರೆ ತಲೆ ನೋಯಬಹುದು. ಅಂದರೆ ಆ ತಾಯಿಯ ತಲೆನೋವು ನಿಜ. ರೋಗ ಬಂತೆಂಬ ಅವರ ತೀರ್ಮಾನ ಮಾತ್ರ ತಪ್ಪು. ನಾನು ಎರಡನ್ನೂ ಒಟ್ಟಿಗೇ ಅಲ್ಲಗಳೆದಿದ್ದೆ.

ಹೆದರಿಕೆಯ ತಲೆನೋವು ಎಂಬ ನನ್ನ ಮಾತಿನಲ್ಲೂ ಒಂದು ಚೂರು ಸತ್ಯವಿದೆ, ಅದನ್ನೂ ಹೇಳಿಬಿಡಬೇಕು. ಕೋವಿಡ್ ಲಸಿಕೆಗಳ 12 ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಲಸಿಕೆಯ ಬದಲು ಔಷಧವಿಲ್ಲದ ಸೂಜಿ ಪಡೆದವರಲ್ಲೂ ಮೊದಲ ಡೋಸಿನ ನಂತರ ಸುಮಾರು ಐವರಲ್ಲಿ ಒಬ್ಬರು ತಲೆನೋವನ್ನು ವರದಿ ಮಾಡಿದ್ದರು. ನಿರೀಕ್ಷೆ, ಆತಂಕ, ಆ ದಿನ ಹೇಗೂ ಬರಲಿದ್ದ ತಲೆನೋವು ಎಲ್ಲ ಅದರಲ್ಲಿ ಸೇರಿವೆ. ಆದರೆ ಇದು ಗುಂಪಿನ ಲೆಕ್ಕ. ಎದುರಿಗೆ ನಿಂತ ಒಬ್ಬರ ತಲೆನೋವು ಯಾವುದರಿಂದ ಬಂತೆಂದು ಇದರಿಂದ ಹೇಳಲಾಗದು. ತರಗತಿಯಲ್ಲಿ ನಾನು ಹೇಳಿಬಿಟ್ಟಿದ್ದೆ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಈ ವೈರಸ್ ಪತ್ತೆಯಾಯಿತು. ಹರಡುವುದು ಉಣ್ಣಿಯಿಂದ. ಉಣ್ಣಿ ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿ, ಜ್ವರ, ಹಣೆಯಲ್ಲಿ ವಿಪರೀತ ನೋವು. ಬಹುತೇಕರು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಮೂರನೆಯ ವಾರದ ಹೊತ್ತಿಗೆ ಜ್ವರ ಮರಳುತ್ತದೆ. ಆಗ ತೀವ್ರ ತಲೆನೋವು, ಕುತ್ತಿಗೆ ಬಿಗಿತ, ನಡುಕ, ದೃಷ್ಟಿಯ ತೊಂದರೆ ಕಾಣಿಸಿಕೊಳ್ಳಬಹುದು. ಮಿದುಳುಪೊರೆಯೂ ಮಿದುಳೂ ಉರಿಯೂತಕ್ಕೆ ಒಳಗಾಗುವ ಹಂತವಿದು. ರೋಗಕ್ಕೆ ತುತ್ತಾದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ.

ಲಸಿಕೆಯನ್ನು ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್ ಕೊಟ್ಟು, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು ಎಂಬ ಕ್ರಮವಿತ್ತು. 2005ರಿಂದ 2010ರವರೆಗಿನ ಮಾಹಿತಿಯ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಶೇಕಡ 62ರಷ್ಟು, ಬೂಸ್ಟರ್ ಸೇರಿದರೆ ಶೇಕಡ 83ರಷ್ಟು ಎಂದು ಕಂಡುಬಂದಿತ್ತು. ಪೂರ್ಣ ರಕ್ಷಣೆಯ ಲಸಿಕೆ ಅದಾಗಿರಲಿಲ್ಲ, ಈಗ ಬಳಕೆಯಲ್ಲೂ ಇಲ್ಲ. ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಬಂದಾಗ ಸಾಲಿನಲ್ಲಿ ನಿಲ್ಲಬೇಕಾದವರಲ್ಲಿ ಈ ಮೂವತ್ತೊಂದು ಮಕ್ಕಳೂ ಇರುತ್ತಾರೆ.

ಎರಡನೆಯ ಸಲ

ಪೀಠಿಕೆಗೆ ಈ ಸಲ ಜೆನ್ನರ್ ಅವರನ್ನೇ ಬಳಸಿದೆ, ಆದರೆ ಪಠ್ಯದಲ್ಲಿಲ್ಲದ ಒಂದು ವಿವರದಿಂದ. 1796ರ ಮೇ 14ರಂದು ಎಂಟು ವರ್ಷದ ಜೇಮ್ಸ್ ಫಿಪ್ಸ್ ಎಂಬ ಹುಡುಗನ ತೋಳಿಗೆ ಅವರು ಗೋಸಿಡುಬಿನ ಕೀವನ್ನು ಹಾಕಿದರು. 1798ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅವರು ಬರೆದುಕೊಂಡಿರುವಂತೆ, ಒಂಬತ್ತನೆಯ ದಿನ ಹುಡುಗನಿಗೆ ಸ್ವಲ್ಪ ಚಳಿಯಾಯಿತು, ಊಟ ಸೇರಲಿಲ್ಲ, ಸಣ್ಣಗೆ ತಲೆನೋವು ಬಂತು. ಮರುದಿನ ಅವನು ಪೂರ್ತಿ ಆರಾಮಾಗಿದ್ದ. ಇಷ್ಟು ಹೇಳಿ ಆ ಹುಡುಗನ ಕಡೆ ತಿರುಗಿ, "ಹೋದ ವಾರ ನಾನು ಲಸಿಕೆಯಿಂದ ಏನೂ ಆಗುವುದಿಲ್ಲ ಎಂದಿದ್ದೆ. ಅದು ತಪ್ಪು. ನಿಮ್ಮ ತಾಯಿಗೆ ತಲೆನೋವು ಬಂದಿರಬಹುದು. ಜೆನ್ನರ್ ಅವರ ಮೊದಲ ಹುಡುಗನಿಗೂ ಬಂದಿತ್ತು" ಎಂದೆ. ತರಗತಿ ಸ್ತಬ್ಧವಾಯಿತು. ಶಿಕ್ಷಕರು ತಪ್ಪು ಒಪ್ಪಿಕೊಂಡರೆ ಮಕ್ಕಳ ಗೌರವ ಕಡಿಮೆಯಾಗುತ್ತದೆ ಎಂದು ನಮ್ಮ ತಂಡದಲ್ಲಿ ಚರ್ಚೆಯಾಗಿತ್ತು. ಹಾಗಾಗಲಿಲ್ಲ. ಆ ನಂತರದ ಅರ್ಧ ಗಂಟೆಯಲ್ಲಿ ಬಂದಷ್ಟು ಪ್ರಶ್ನೆ ನನ್ನ ಬೇರೆ ಯಾವ ಪಾಠದಲ್ಲೂ ಬರಲಿಲ್ಲ.

ವಿವರಣೆಗೆ ನಾನು ಸಿದ್ಧಪಡಿಸಿದ್ದ ಹೋಲಿಕೆ ಅಡಿಕೆ ತೋಟದ್ದು. ತೋಟಕ್ಕೆ ಮಂಗ ನುಗ್ಗಿದಾಗ ತಮಟೆ ಹೊಡೆಯುತ್ತೇವೆ, ಪಟಾಕಿ ಸಿಡಿಸುತ್ತೇವೆ. ಆ ಸದ್ದಿಗೆ ಮನೆಯವರ ನಿದ್ದೆಯೂ ಕೆಡುತ್ತದೆ. ನಿದ್ದೆ ಕೆಡಿಸಿದ್ದು ಮಂಗವಲ್ಲ, ತಮಟೆ. ಮಂಗ ಬಾರದ ದಿನ ಅಭ್ಯಾಸಕ್ಕೆಂದು ತಮಟೆ ಬಡಿದರೂ ನಿದ್ದೆ ಕೆಡುತ್ತದೆ. ನಮ್ಮ ಕಾಲೇಜಿನಲ್ಲಿ ಅಣಕು ಪಾಠ ಮಾಡಿದಾಗ ಎಲ್ಲರೂ ಮೆಚ್ಚಿದ್ದ ಹೋಲಿಕೆ ಇದು. ಇಲ್ಲಿ ಎಡವಿತು. "ಸಾರ್, ಮಂಗ ಅಂದ್ರೆ ವೈರಸ್ಸಾ? ಮಂಗಕ್ಕೂ ಕಾಯಿಲೆ ಬಂದು ಸಾಯುತ್ತಲ್ಲ" ಎಂದಳು ಒಬ್ಬ ಹುಡುಗಿ. ಸರಿಯಾದ ಮಾತು. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂದು ಕಲಿತ ಊರಿನಲ್ಲಿ ಮಂಗವನ್ನು ಶತ್ರುವಾಗಿ ನಿಲ್ಲಿಸುವುದು ಗೊಂದಲಕ್ಕೆ ದಾರಿ. ಅಲ್ಲೇ ಮಂಗವನ್ನು ಅಳಿಸಿ ಕಾಡುಹಂದಿ ಎಂದು ಬರೆದೆ. ಹಂದಿಗೆ ಯಾರ ತಕರಾರೂ ಇರಲಿಲ್ಲ.

ಅನ್ವೇಷಣೆಯ ಹಂತಕ್ಕೆ ಹಲಗೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು 0ಯಿಂದ 30ರವರೆಗೆ ದಿನಗಳನ್ನು ಗುರುತಿಸಿದೆ. 0 ಎಂದರೆ ಸೂಜಿ ಹಾಕಿಸಿದ ದಿನ, ಇಲ್ಲವೇ ಉಣ್ಣಿಯೋ ಸೊಳ್ಳೆಯೋ ಕಚ್ಚಿದ ದಿನ. ಗುಂಪುಗಳಿಗೆ ಕೊಟ್ಟ ಚೀಟಿಗಳಲ್ಲಿ ಒಬ್ಬೊಬ್ಬರ ತಲೆನೋವಿನ ಕಥೆ ಇತ್ತು. ಅದನ್ನು ಗೆರೆಯ ಮೇಲೆ ಸರಿಯಾದ ಜಾಗದಲ್ಲಿ ಅಂಟಿಸಿ, ಮನೆಯಲ್ಲಿ ಏನು ಮಾಡಬೇಕೆಂದು ಹೇಳಬೇಕು. ನಿಷ್ಕ್ರಿಯ ಲಸಿಕೆಯ ತಲೆನೋವು ಮೊದಲ ಒಂದೆರಡು ದಿನದಲ್ಲಿ ಬಂದು ಎರಡು ಮೂರು ದಿನದಲ್ಲಿ ಇಳಿಯಿತು. ಡೆಂಗಿಯದು 4ರಿಂದ 10 ದಿನಗಳ ನಡುವೆ ಜ್ವರದೊಂದಿಗೆ, ಕಣ್ಣಿನ ಹಿಂದೆ ನೋವಿನೊಂದಿಗೆ ಬಂತು. ಮಂಗನ ಕಾಯಿಲೆ ಎರಡು ಜಾಗ ಹಿಡಿಯಿತು: ಮೊದಲ ವಾರ ಒಂದು, ಮೂರನೆಯ ವಾರ ಇನ್ನೊಂದು. ಈ ಎರಡನೆಯ ಚೀಟಿಯನ್ನು ಎಲ್ಲಿ ಅಂಟಿಸುವುದೆಂದು ಒಂದು ಗುಂಪು ಬಹಳ ಹೊತ್ತು ಜಗಳವಾಡಿತು. ಜ್ವರ ಬಿಟ್ಟ ಮೇಲೆ ಮತ್ತೆ ಬಂದದ್ದು ಬೇರೆ ಕಾಯಿಲೆ ಎಂದು ಕೆಲವರ ವಾದ. ಮನೆಗಳಲ್ಲೂ ಹೀಗೆಯೇ ತಿಳಿದು ತಡಮಾಡುವ ಸಾಧ್ಯತೆ ಇರುವುದರಿಂದ ನಾನು ಆ ಜಗಳವನ್ನು ನಿಲ್ಲಿಸಲಿಲ್ಲ. ಸಮಯ ಐದು ನಿಮಿಷ ಮೀರಿತು. ವೀಕ್ಷಕರು ಅದನ್ನು ಗುರುತು ಹಾಕಿಕೊಂಡರು.

ಗೆರೆ ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: ಎಲ್ಲ ಸೂಜಿಯ ತಲೆನೋವು ಮರುದಿನ ಬಂದರೆ ಆ ಇಂಗ್ಲೆಂಡಿನ ಹುಡುಗನಿಗೆ ಒಂಬತ್ತನೇ ದಿನ ಯಾಕೆ ಬಂತು? ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ, ಆದರೆ ಉತ್ತರ ನಾನು ಓದಿದ್ದರಲ್ಲೇ ಇತ್ತು. ಜೆನ್ನರ್ ಹಾಕಿದ್ದು ಜೀವಂತ ಗೋಸಿಡುಬಿನ ವೈರಸ್. ಅದು ಬೆಳೆದು ಸಾಕಷ್ಟಾಗಲು ದಿನಗಳು ಬೇಕು. ಜೀವಂತ ಆದರೆ ದುರ್ಬಲಗೊಳಿಸಿದ ವೈರಸ್ ಇರುವ ದಡಾರ ಲಸಿಕೆಯ ನಂತರವೂ ಜ್ವರ ಬಂದರೆ ಸಾಮಾನ್ಯವಾಗಿ ಒಂದು ವಾರ ಕಳೆದ ಮೇಲೆ. ಸತ್ತ ವೈರಸ್ ಬೆಳೆಯುವುದಿಲ್ಲ, ಹಾಕಿದಷ್ಟೇ ಇರುತ್ತದೆ, ಅದಕ್ಕೇ ಪ್ರತಿಕ್ರಿಯೆ ಬೇಗ. ಪಠ್ಯದ 'ಸತ್ತ ಅಥವಾ ದುರ್ಬಲಗೊಳಿಸಿದ' ಎಂಬ ಮೂರು ಪದಗಳ ಅರ್ಥ ಆ ದಿನ ನನಗೂ ಪೂರ್ತಿ ತಿಳಿಯಿತು.

ಕೋವಿಡ್ ಲಸಿಕೆಯ ಸುದ್ದಿಯೂ ಬಂದೇ ಬಂತು. 2024ರಲ್ಲಿ ಪತ್ರಿಕೆ, ಟಿವಿ ಎಲ್ಲ ಕಡೆ ಹೆಪ್ಪುಗಟ್ಟುವ ರಕ್ತದ ಮಾತಾಗಿತ್ತು. ಇಲ್ಲೂ ಏನೂ ಇಲ್ಲ ಎನ್ನಲು ಬರುವುದಿಲ್ಲ. ಅಡಿನೋವೈರಸ್ ವಾಹಕದ ಲಸಿಕೆಗಳ ನಂತರ, ಅತಿ ವಿರಳವಾಗಿ, ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಕಂಡುಬಂದದ್ದು 2021ರಲ್ಲೇ ಗೊತ್ತಾಗಿತ್ತು. ಕೋವಿಶೀಲ್ಡ್ ಆ ಬಗೆಯ ಲಸಿಕೆ. ಭಾರತದ ಪರಿಶೀಲನಾ ಸಮಿತಿ ಆ ವರ್ಷ ಮೇ ತಿಂಗಳಲ್ಲಿ ಹೇಳಿದ ಪ್ರಮಾಣ ಹತ್ತು ಲಕ್ಷ ಡೋಸಿಗೆ 0.61. ಆ ತಲೆನೋವಿನ ಗುರುತೂ ಗೆರೆಯ ಮೇಲೆಯೇ ಸಿಗುತ್ತದೆ: ಅದು ಮರುದಿನದ್ದಲ್ಲ, ಸಾಮಾನ್ಯವಾಗಿ ನಾಲ್ಕೈದು ದಿನ ಕಳೆದು ಒಂದು ತಿಂಗಳ ಒಳಗೆ ಶುರುವಾಗಿ, ಇಳಿಯದೆ ಹೆಚ್ಚುತ್ತ ಹೋಗುವಂಥದ್ದು. ಲಸಿಕೆ ಪಡೆದು ವರ್ಷಗಳಾದವರು ಇಂದಿನ ತಲೆನೋವಿಗೆ ಅದನ್ನು ದೂರುವ ಅಗತ್ಯವಿಲ್ಲ ಎಂದಾಗ ಹಿಂದೆ ಕುಳಿತಿದ್ದ ಶಾಲೆಯ ಇನ್ನೊಬ್ಬ ಶಿಕ್ಷಕರೂ ತಲೆಯಾಡಿಸಿದರು.

ಅಪಾಯದ ಗುರುತುಗಳನ್ನು ಮಾತ್ರ ಹೋಲಿಕೆ, ಚರ್ಚೆ ಯಾವುದೂ ಇಲ್ಲದೆ ನೇರವಾಗಿ ಬರೆಸಿದೆ. ತಲೆನೋವಿನ ಜೊತೆ ಗದ್ದವನ್ನು ಎದೆಗೆ ತಾಗಿಸಲಾಗದಷ್ಟು ಕುತ್ತಿಗೆ ಬಿಗಿತ, ನಿಲ್ಲದ ವಾಂತಿ, ಬೆಳಕು ನೋಡಲಾಗದಿರುವುದು, ಮಂಪರು, ತೊದಲು ಮಾತು, ಫಿಟ್ಸ್, ರಕ್ತಸ್ರಾವ, ಇವುಗಳಲ್ಲಿ ಒಂದಿದ್ದರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಡೆಂಗಿ ಅಥವಾ ಮಂಗನ ಕಾಯಿಲೆಯ ಶಂಕೆ ಇರುವಾಗ ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್ ತಂದು ನುಂಗಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ಯಾರಸಿಟಮಾಲ್ ಕೂಡ ಹೇಳಿದಷ್ಟೇ ಪ್ರಮಾಣದಲ್ಲಿ. ಇದನ್ನು ಮಕ್ಕಳಿಗೇಕೆ ಹೇಳಬೇಕೆಂದು ಯಾರಾದರೂ ಕೇಳಬಹುದು. ಆ ತರಗತಿಯಲ್ಲಿ ಅಂಗಡಿಯಿಂದ ತಲೆನೋವಿನ ಮಾತ್ರೆ ತಂದುಕೊಡುವ ಕೆಲಸ ಯಾರದು ಎಂದು ಕೇಳಿದೆ. ಹತ್ತೊಂಬತ್ತು ಕೈಗಳು ಎದ್ದವು.

ಮೌಲ್ಯಮಾಪನದಲ್ಲಿ ನಾನು ಮಾಡಿದ ತಪ್ಪು

ಸರಿ ಅಥವಾ ತಪ್ಪು ಗುರುತಿಸಲು ಕೊಟ್ಟ ಐದು ಹೇಳಿಕೆಗಳಲ್ಲಿ ಒಂದು ಹೀಗಿತ್ತು: 'ಲಸಿಕೆಯ ನಂತರ ತಲೆನೋವು ಬಾರದಿದ್ದರೆ ಲಸಿಕೆ ಕೆಲಸ ಮಾಡಿಲ್ಲ ಎಂದರ್ಥ.' ಸರಳವೆಂದು ಸೇರಿಸಿದ್ದೆ. ಹದಿನೇಳು ಮಕ್ಕಳು ಸರಿ ಎಂದು ಬರೆದರು. ಇದು ಅವರು ಮನೆಯಿಂದ ತಂದ ತಪ್ಪು ಕಲ್ಪನೆಯಲ್ಲ, ನನ್ನ ತಮಟೆಯ ಹೋಲಿಕೆ ಕೊಟ್ಟದ್ದು. ಸದ್ದಿಲ್ಲದಿದ್ದರೆ ಕಾವಲಿಲ್ಲ ಎಂದು ಅವರು ತರ್ಕಬದ್ಧವಾಗಿಯೇ ಯೋಚಿಸಿದ್ದರು. ನಿಜದಲ್ಲಿ ಯಾವ ತೊಂದರೆಯೂ ಇಲ್ಲದೆ ಪ್ರತಿಕಾಯಗಳು ಬೆಳೆಯುವವರು ಬೇಕಾದಷ್ಟು ಮಂದಿ. ತಲೆನೋವನ್ನು ಲಸಿಕೆ ಫಲಿಸಿದ್ದರ ಅಳತೆಗೋಲಾಗಿ ಬಳಸಲು ಬರುವುದಿಲ್ಲ. ಮರುದಿನ ಹದಿನೈದು ನಿಮಿಷ ಕೇಳಿ ಪಡೆದು ಹೋಲಿಕೆಗೆ ಒಂದು ತಿದ್ದುಪಡಿ ಸೇರಿಸಿದೆ: ಕೆಲವು ಕಾವಲುಗಾರರು ತಮಟೆ ಬಡಿಯುತ್ತಾರೆ, ಕೆಲವರು ಬರೀ ಟಾರ್ಚ್ ಬೆಳಕಿನಲ್ಲೇ ಹಂದಿ ಓಡಿಸುತ್ತಾರೆ. ಮತ್ತೆ ಕೇಳಿದಾಗ ನಾಲ್ವರು ಮಾತ್ರ ಸರಿ ಎಂದರು. ಈ ಹೋಲಿಕೆಯನ್ನು ಬಳಸುವವರು ಟಾರ್ಚನ್ನು ಮೊದಲ ದಿನವೇ ಸೇರಿಸಿಕೊಳ್ಳುವುದು ಒಳ್ಳೆಯದು.

ಆ ಹುಡುಗ ಎರಡನೆಯ ಪಾಠದಲ್ಲಿ ಏನೂ ಕೇಳಲಿಲ್ಲ. ಮೂರು ದಿನದ ನಂತರ ಆಟದ ಅವಧಿಯಲ್ಲಿ ಬಂದು, ಅಮ್ಮನನ್ನು ವಿಚಾರಿಸಿದೆ ಎಂದ. ರಾತ್ರಿ ಶುರುವಾದ ನೋವು ಮಾರನೆಯ ದಿನ ಸಂಜೆಗೆ ಹೋಗಿತ್ತಂತೆ, ಜ್ವರ ಇರಲಿಲ್ಲವಂತೆ. "ಗೆರೆ ಮೇಲೆ ಒಂದನೇ ದಿನ" ಎಂದು ಅವನೇ ಹೇಳಿದ. ಸ್ವಲ್ಪ ಹೊತ್ತು ನಿಂತು, "ಸೂಜಿ ಹಾಕೋರು ತಲೆನೋವು ಬರಬಹುದು ಅಂತ ಮೊದಲೇ ಯಾಕೆ ಹೇಳಲಿಲ್ಲ ಅಂತ ಅಮ್ಮ ಕೇಳಿದ್ರು ಸಾರ್. ಅವರೂ ಏನೂ ಆಗಲ್ಲ ಅಂದಿದ್ರಂತೆ" ಎಂದ. ಅವರ ಪರವಾಗಿ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ನಾನೂ ಹಾಗೇ ಅಂದಿದ್ದೆನಲ್ಲ ಎಂದೆ. ಅವನು ಹೌದು ಸಾರ್ ಎಂದು ಆಟಕ್ಕೆ ಹೋದ.

ದಿನಗಳ ಗೆರೆಯನ್ನು ನಂತರ ದಪ್ಪ ಕಾಗದದ ಮೇಲೆ ಬರೆದು ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಬಿಟ್ಟು ಬಂದಿದ್ದೇನೆ. ಚೀಟಿಗಳು ಹದಿನಾಲ್ಕಿವೆ, ಹಳೆಯ ಲಕೋಟೆಯೊಂದರಲ್ಲಿ ಅದರ ಹಿಂದೆಯೇ ಅಂಟಿಸಿದೆ. ಮುಂದಿನ ವರ್ಷ ಅಲ್ಲಿಗೆ ಹೋಗುವ ತಂಡದವರು ಮೂರನೆಯ ವಾರದ ಚೀಟಿಗೆ ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಲಿ.